ಇವರಿಗೆ ಮಾತ್ರ ಹೇಳಬ್ಯಾಡ್ರಿ

ಮನೆಯಲ್ಲಿ ಇದ್ದಕ್ಕಿದ್ದಂತೆ ಜಗಳ ನಿಂತುಹೋದರೆ ಸಂತೋಷಪಡಬೇಡಿ, ಮೊದಲು ಡಾಕ್ಟರರ ಹತ್ತಿರ ಹೋಗಿ ವಿಚಾರಿಸಿ. ಇದು ನನ್ನ ಸ್ವಂತ ಅನುಭವದ ಮಾತು. ಹದಿನೆಂಟು ವರ್ಷ ಹಾಲಿಗೆ, ಹಪ್ಪಳಕ್ಕೆ, ಒದ್ದೆ ಟವೆಲ್ಲಿಗೆ ನನ್ನೊಡನೆ ಜಗಳ ತೆಗೆದ ನನ್ನ ಹೆಂಡತಿ ಶಾಂತಾ, ಒಂದು ಮುಂಜಾನೆ ನಾನು ಹಾಸಿಗೆಯ ಮೇಲೆ ಎಸೆದ ಒದ್ದೆ ಟವೆಲ್ಲನ್ನು ನಗುನಗುತ್ತ ಎತ್ತಿ ಒಣಹಾಕಿದಳು. ನನ್ನ ಎದೆ ಧಸಕ್ಕೆಂದಿತು.

ಆಗ ನಾವು ಪುಣೆ ಹತ್ತಿರದ ಚಿಂಚವಾಡದಲ್ಲಿದ್ದೆವು. ವಿಜಾಪುರದಿಂದ ಬಂದ ನಾನು ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ನನಗೆ ಹರ್ನಿಯಾ ಆಗಿತ್ತು. ಆಪರೇಷನ್ ದೊಡ್ಡದೇನಲ್ಲ, ಆದರೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದೊಡನೆ ನನ್ನ ಬಿ.ಪಿ. ಗಗನಕ್ಕೇರುತ್ತಿತ್ತು. ಎರಡು ಸಲ ಹಾಗೇ ವಾಪಸು ಕಳಿಸಿದರು. ಎರಡನೆಯ ಸಲ ಡಾಕ್ಟರರು ಉಪ್ಪು, ಕರಿದ ತಿಂಡಿ ಎಲ್ಲ ಬಂದ್ ಮಾಡಿ, ಶಾಂತಾಳ ಕಡೆ ತಿರುಗಿ, "ಯಾಂನಾ ಟೆನ್ಷನ್ ದೇವೂ ನಕಾ" ಎಂದರು. ಇವರಿಗೆ ಟೆನ್ಷನ್ ಕೊಡಬೇಡಿ ಎಂದರ್ಥ. ನನ್ನ ಮಾತನ್ನು ಒಂದು ದಿನವೂ ಕಿವಿಗೆ ಹಾಕಿಕೊಳ್ಳದ ಶಾಂತಾ ಡಾಕ್ಟರರ ಮಾತನ್ನು ಮಾತ್ರ ವ್ರತದಂತೆ ಹಿಡಿದಳು. ಎಂಟನೆಯ ಇಯತ್ತೆಯಲ್ಲಿದ್ದ ಮಗಳು ಸ್ಮಿತಾಳಿಗೂ ದೀಕ್ಷೆ ಕೊಟ್ಟಳು.

ಆದರೆ ನನ್ನ ಬಿ.ಪಿ. ಏರಿತೆಂದು ಜಗತ್ತಿನ ಕೆಟ್ಟ ಸುದ್ದಿಗಳೇನೂ ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಊರಿನವರಿಗೆಲ್ಲ ಕೊಟ್ಟಿದ್ದ ಪಿ.ಪಿ. ನಂಬರು ಓಣಿಯ ತುದಿಯಲ್ಲಿದ್ದ ಸದಾನಂದ ಶೆಟ್ಟರ ಹೋಟೆಲಿನದು. ಶೆಟ್ಟರು ಉಡುಪಿಯ ಕಡೆಯವರು, ಪುಣೆಗೆ ಬಂದಾಗಿನಿಂದ ನನ್ನ ಜೀವದ ಗೆಳೆಯ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದ ಸುದ್ದಿ ಅವರ ಗಲ್ಲಾದ ಮೇಲಿನ ಫೋನಿಗೇ ಬಂತು. ಸ್ಮಿತಾ ಗಣಿತದಲ್ಲಿ ನಪಾಸಾದ ಕಾಗದವನ್ನು ಅಡಗಿಸಿಟ್ಟದ್ದೂ ಅದೇ ಗಲ್ಲಾದೊಳಗೆ. ಎಲ್ಲರದೂ ಒಂದೇ ಮಾತು: "ಇವರಿಗೆ ಮಾತ್ರ ಹೇಳಬ್ಯಾಡ್ರಿ, ಶೆಟ್ರ."

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ನನಗೆ ಕಂಡದ್ದು ನಗುವ ಮುಖಗಳು ಮಾತ್ರ. ಸ್ಮಿತಾ ತಾನಾಗಿಯೇ ಟಿ.ವಿ.ಯಲ್ಲಿ ಕ್ರಿಕೆಟ್ ಹಚ್ಚಿಕೊಟ್ಟಳು. ನಾನು ಲೆಕ್ಕ ಹಾಕಿದೆ: ಇದು ಹರ್ನಿಯಾ ಅಲ್ಲ, ಮತ್ತೇನೋ ದೊಡ್ಡದು, ಮುಚ್ಚಿಡುತ್ತಿದ್ದಾರೆ. ಶೆಟ್ಟರ ಕಿವಿಯಲ್ಲಿ, "ನಾ ಇನ್ನ ಭಾಳ ದಿನ ಉಳಿಯೂದಿಲ್ಲ ಕಾಣಸ್ತದ. ಶಾಂತಾಗ ಮಾತ್ರ ಹೇಳಬ್ಯಾಡ್ರಿ" ಎಂದೆ. ಶೆಟ್ಟರು, "ಎಂತ ಮಾರಾಯ್ರೆ ನೀವು!" ಎಂದು ಹಣೆ ಒರೆಸಿಕೊಂಡರು. ಹೇಗೂ ಹೋಗುವವನು ಮೆಣಸಿನಕಾಯಿ ಬಜ್ಜಿ ಬಿಟ್ಟು ಯಾಕೆ ಹೋಗಬೇಕು? ಅಂದಿನಿಂದ ದಿನಾಲು ಸಂಜೆ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ, ಅರೆಬಾಗಿಲ ಹಿಂದೆ, ನಾನು ಬಜ್ಜಿ ತಿನ್ನತೊಡಗಿದೆ.

ಹಾಗೆ ಒಂದು ಸಂಜೆ ಎರಡನೆಯ ಬಜ್ಜಿ ಬಾಯಲ್ಲಿರುವಾಗ ಗಲ್ಲಾದ ಹತ್ತಿರ ಶಾಂತಾಳ ದನಿ ಕೇಳಿತು. ಪುಣೆಯ ಕನ್ನಡಿಗರಿಗೆ ಒಂದು ಧೈರ್ಯವಿದೆ: ಸುತ್ತಲಿನವರೆಲ್ಲ ಮರಾಠಿಯವರು, ಕನ್ನಡದಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡಿದರೂ ಗುಟ್ಟು ಗುಟ್ಟಾಗಿಯೇ ಇರುತ್ತದೆಂದು. ಶಾಂತಾ ಸಂತೆಯಲ್ಲಿ ಮಾತಾಡುವಷ್ಟು ಗಟ್ಟಿಯಾಗಿಯೇ ಹೇಳುತ್ತಿದ್ದಳು: "ಇವರ ಮುಂದ ನಕ್ಕು ನಕ್ಕು ನನ್ನ ದವಡಿ ನೋಯಲಿಕ್ಕತ್ತಾವ ನೋಡ್ರಿ. ಒಳಗ ಹೋಗಿ ನಳಾ ಬಿಟ್ಟು ಅಳತೀನಿ. ಮೂರನೇ ಸಲಾನೂ ಆಪರೇಷನ್ ಆಗದಿದ್ರ ಹೆಂಗ್ರಿ? ಹರ್ನಿಯಾ ಅಷ್ಟ ಅದ, ಅಂಜೂದೇನಿಲ್ಲ ಅಂತಾರ ಡಾಕ್ಟರು. ಆದರ ಇವರು ಅಂಜತಾರಲ್ರಿ! ಇವರು ಅಂಜಿದರ ನನಗ ಕೈಕಾಲು ಆಡೂದಿಲ್ಲ."

ಬಜ್ಜಿ ಗಂಟಲಲ್ಲಿ ನಿಂತಿತು. ಹರ್ನಿಯಾ ಅಷ್ಟೇ ಎಂದು ತಿಳಿದ ಸಂತೋಷಕ್ಕೋ, ನಳದ ಸದ್ದಿನ ಹಿಂದೆ ಇವಳು ಅಳುತ್ತಿದ್ದಳಲ್ಲ ಎಂಬ ಸಂಕಟಕ್ಕೋ ಕಣ್ಣು ತುಂಬಿ ಬಂತು. ಹೊರಗೆ ಶಾಂತಾ, "ಅಯ್ಯ, ಶೆಟ್ರ, ನೀವ್ಯಾಕ ಹಿಂಗ ಬೆವರಲಿಕ್ಕತ್ತೀರಿ?" ಎನ್ನುತ್ತಿದ್ದಳು. ಪಾಪ, ಎದುರಿಗೆ ಹೆಂಡತಿ, ಬೆನ್ನ ಹಿಂದೆ ಬಜ್ಜಿ ತಿನ್ನುವ ಗಂಡ. ಬೆವರದೆ ಏನು ಮಾಡಿಯಾರು? ಅಷ್ಟರಲ್ಲಿ ಮೆಣಸಿನಕಾಯಿ ನೆತ್ತಿಗೇರಿ ನಾನು ಕೆಮ್ಮಿದೆ. ಹದಿನೆಂಟು ವರ್ಷ ಕೇಳಿದ ಕೆಮ್ಮು. ಶಾಂತಾ ಅರೆಬಾಗಿಲು ತಳ್ಳಿದಳು.

ನನ್ನ ಮೀಸೆಗೆ ಚಟ್ನಿ ಹತ್ತಿತ್ತು, ಕಣ್ಣಲ್ಲಿ ನೀರಿತ್ತು, ಕೈಯಲ್ಲಿ ಅರ್ಧ ಬಜ್ಜಿ ಇತ್ತು. "ಉಪ್ಪಿಲ್ಲದ ಸಾರು ಉಂಡು ಉಂಡು ಸೊರಗೀನಿ ಅಂತಿದ್ರಲ್ಲ, ಸುಳ್ಳಬುರುಕ!" ಎಂದು ಬೈಯಲು ಶುರುಮಾಡಿದವಳು ನಡುವೆಯೇ ನಗತೊಡಗಿದಳು. ಇದು ಡಾಕ್ಟರರು ಬರೆದುಕೊಟ್ಟ ನಗುವಲ್ಲ, ಅವಳ ಅಸಲಿ ನಗು. ನಾನೂ ನಕ್ಕೆ. ಶೆಟ್ಟರು ಮಾತ್ರ ಕುರ್ಚಿ ಎಳೆದುಕೊಂಡು ಕೂತು ನೀರು ಕುಡಿದರು. ಆ ವಾರ ನಮ್ಮ ಮನೆಯಲ್ಲಿ ಬಾಕಿ ಉಳಿದಿದ್ದ ಜಗಳಗಳೆಲ್ಲ ಸಾಂಗವಾಗಿ ನಡೆದವು. ಸ್ಮಿತಾಳಿಗೂ ಬೈಗುಳದ ಪಾಲು ಸಿಕ್ಕಿತು. ನನಗೆ ಸುಖವಾಗಿ ನಿದ್ದೆ ಬಂತು.

ಮೂರನೆಯ ಸಲ ಮಂಚದ ಮೇಲೆ ಮಲಗಿದಾಗ ಬಿ.ಪಿ. ಸಾಧುವಾಗಿ ಕೆಳಗೇ ಇತ್ತು. ಜೊತೆಗೆ ಬಂದಿದ್ದ ಶೆಟ್ಟರ ಮುಖ ನೋಡಿ ಡಾಕ್ಟರರು ಸುಮ್ಮನೆ ಅವರ ತೋಳಿಗೂ ಪಟ್ಟಿ ಸುತ್ತಿದರು. ಅದು ನನ್ನ ಹಳೆಯ ದಾಖಲೆಯನ್ನೂ ಮುರಿದಿತ್ತು! ನಮ್ಮ ಮನೆಯ ಟೆನ್ಷನ್ನೆಲ್ಲ ಎಲ್ಲಿಗೆ ಹೋಗಿತ್ತೆಂದು ಆಗ ತಿಳಿಯಿತು. ಈಗ ಶೆಟ್ಟರಿಗೆ ಉಪ್ಪು ಬಂದ್, ಕರಿದದ್ದು ಬಂದ್, ಟೆನ್ಷನ್ ಬಂದ್.

ಆಪರೇಷನ್ ಆಗಿ ತಿಂಗಳ ಮೇಲೆ ನಾನು ಹೋಟೆಲಿಗೆ ಹೋದರೆ ಗಲ್ಲಾದಲ್ಲಿ ಶೆಟ್ಟರ ಹೆಂಡತಿ ಪ್ರೇಮಕ್ಕ ಕೂತಿದ್ದರು. ನನ್ನನ್ನು ಕಂಡೊಡನೆ, "ಇವರಿಗೆ ಮಾತ್ರ ಹೇಳ್ಬೇಡಿ, ಆಯ್ತಾ? ಅಡುಗೆಭಟ್ಟ ಕೆಲಸ ಬಿಟ್ಟು ಹೋಗ್ತಾನಂತೆ" ಎಂದರು. ನಾನೀಗ ಅನುಭವಸ್ಥ. ಮೊದಲು ಬಗ್ಗಿ ಅರೆಬಾಗಿಲ ಕೆಳಗೆ ನೋಡಿದೆ. ಪರಿಚಯದ ಎರಡು ಚಪ್ಪಲಿಗಳು ಕಂಡವು. "ಚಿಂತಿ ಬಿಡ್ರಿ ಪ್ರೇಮಕ್ಕ, ಶೆಟ್ಟರು ಭಾಳ ಪಥ್ಯದಾಗ ಇದ್ದಾರ" ಎಂದು ಗಟ್ಟಿಯಾಗಿ ಹೇಳಿ ಒಳಗೆ ನುಗ್ಗಿ, ಶೆಟ್ಟರ ಎದುರಿಗೆ ಕೂತು, ಬಜ್ಜಿಯ ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ. ಇಬ್ಬರು ಹಂಚಿಕೊಂಡು ತಿಂದರೆ ಉಪ್ಪು ಅರ್ಧವೇ ಆಗುತ್ತದಲ್ಲ!