ಡ್ಯೂಕನ ಮನೆ

ಆರು ವರ್ಷ ಟಿ.ವಿ. ಧಾರಾವಾಹಿಯಲ್ಲಿ ಬಂದುಹೋದರೂ ಡ್ಯೂಕನಿಗೆ ಒಂದು ಮನೆ ಕೊಟ್ಟಿರಲಿಲ್ಲ. ನಾಯಕನ ನಾಯಿಗೆ ಕೊಟ್ಟಿದ್ದರು.

ಡ್ಯೂಕನ ಪಾತ್ರ ಮಾಡುತ್ತಿದ್ದವನು ಎಲ್‌ರಾಯ್ ಗೇನ್ಸ್. ಕೆಲಸ ಇಷ್ಟೇ: ಬಿಳಿಯ ನಾಯಕನ ಬಾಗಿಲು ತಟ್ಟುವುದು, 'ಹೋಗಿ ಅವಳ ಹತ್ರ ಮಾತಾಡು ಗುರೂ' ಎಂದು ಬುದ್ಧಿ ಹೇಳುವುದು, ಅವನ ಜೋಕಿಗೆ ಹೊಟ್ಟೆ ಹಿಡಿದು ನಗುವುದು, ಹೊರಟುಹೋಗುವುದು. ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಇಡೀ ಕತೆಯನ್ನೂ ಅವನಿಗೆ ಕೊಡುತ್ತಿರಲಿಲ್ಲ. ಶೂಟಿಂಗಿನ ದಿನ ಅವನ ಮಾತಿನ ಒಂದು ಹಾಳೆ ಕೈಗೆ ಬಂದರೆ ಅದೇ ಪುಣ್ಯ.

ಆದರೂ ಅಮೆರಿಕದ ಬರ್ಬ್ಯಾಂಕ್ ಊರಿನ ಆ ಸ್ಟುಡಿಯೊದಲ್ಲಿ ಕ್ಯಾಮೆರಾ ಮುಂದೆ ನಿಲ್ಲುವ ಕರಿಯ ತಾನೊಬ್ಬನೇ ಎಂಬ ಬಿಂಕ ಅವನಿಗೆ. ಆವತ್ತು ಬಣ್ಣದ ಕೋಣೆಗೆ ಬಂದರೆ, ಅವನ ಕುರ್ಚಿಯಲ್ಲೇ ಇನ್ನೊಬ್ಬ ಕೂತಿದ್ದ. ಅವನಷ್ಟೇ ಕಪ್ಪು, ಅವನಿಗಿಂತ ಎತ್ತರ, ವಯಸ್ಸು ಬೇರೆ ಕಡಿಮೆ.

ಎಲ್‌ರಾಯ್ ಬಾಗಿಲಲ್ಲೇ ನಿಂತು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದ.

"ವೆಂಡೆಲ್ ಅಂತ. ಎಷ್ಟು ಚೆನ್ನಾಗಿದಾನೆ ಅಲ್ವಾ?" ಎಂದಳು ಬಣ್ಣ ಹಚ್ಚುವ ನೋರೀನ್. "ಇವತ್ತು ಇವನದೇ ದೊಡ್ಡ ಸೀನಂತೆ. ನಿಮಗೆ ಹಾಳೆ ಬಂದಿಲ್ವಾ? ಅಯ್ಯೋ ಪಾಪ!"

ದೀಪ ಹಿಡಿಯುವ ಮರ್ವ್ ಇಣುಕಿ ಗಾಯಕ್ಕೆ ಉಪ್ಪು ಸುರಿದ: "ಇಬ್ಬರನ್ನ ಇಟ್ಕೊಳ್ಳೋ ಜನ ಅಲ್ಲ ಮಾರಾಯ ಇವರು. ಒಬ್ಬ ಬಂದ ಅಂದ್ರೆ ಒಬ್ಬ ಹೋದ."

ಎಲ್‌ರಾಯ್‌ಗೆ ಗೊತ್ತಿರದ್ದೇನಲ್ಲ. ಅವನು ಬಂದ ದಿನವೇ ಅವನ ಹಿಂದಿನವನು ಹೋಗಿದ್ದ.

ನೋರೀನಳ ಪೆಟ್ಟಿಗೆಯಲ್ಲಿ ಕೆನೆ, ಗುಲಾಬಿ, ಜೇನು ಎಲ್ಲ ಬಣ್ಣವೂ ಇತ್ತು, ಕಪ್ಪು ಮುಖಕ್ಕೆ ಹೊಂದುವುದೊಂದು ಬಿಟ್ಟು. ಅದಕ್ಕೇ ಎಲ್‌ರಾಯ್ ತನ್ನ ಪೌಡರನ್ನು ಮನೆಯಿಂದಲೇ ಡಬ್ಬಿಯಲ್ಲಿ ತರುತ್ತಿದ್ದ.

"ಅಣ್ಣಾ, ನನ್ ಡಬ್ಬಿ ಬಸ್ಸಲ್ಲೇ ಬಿಟ್ಟುಬಿಟ್ಟೆ," ವೆಂಡೆಲ್ ಮೆಲ್ಲಗೆ ಕೇಳಿದ. "ನಿಮ್ಮದು ಒಂಚೂರು ಕೊಡ್ತೀರಾ?"

ಎಲ್‌ರಾಯ್ ಜೇಬಿನೊಳಗೆ ಡಬ್ಬಿಯನ್ನು ಅದುಮಿ ಹಿಡಿದ. "ಖಾಲಿ ಕಣಪ್ಪಾ. ನಿನ್ನೇನೇ ಮುಗೀತು."

ನೋರೀನ್ ಇದ್ದದ್ದನ್ನೇ ಮೆತ್ತಿದಳು. ದೀಪದ ಕೆಳಗೆ ವೆಂಡೆಲ್ ಒಲೆಯ ಬೂದಿಯಿಂದ ಎದ್ದು ಬಂದ ಗೆಣಸಿನಂತೆ ಕಂಡ.

"ಏನ್ರೀ ಇದು, ಹೆಣಕ್ಕೆ ಡೈಲಾಗ್ ಕೊಟ್ಟಿದೀವಾ?" ನಿರ್ದೇಶಕ ಗ್ರಿಫಿನ್ ಅರಚಿದ. "ಕಳಿಸಿ ಅವನನ್ನ!"

ಎಲ್‌ರಾಯ್‌ಗೆ ಹಾಲು ಕುಡಿದಷ್ಟು ಸಂತೋಷ. ವೆಂಡೆಲ್ ಮುಖ ಒರೆಸಿಕೊಳ್ಳುತ್ತ ಹತ್ತಿರ ಬಂದ.

"ಬರ್ತೀನಣ್ಣಾ. ನಿಮ್ಮ ತಮ್ಮನ ಪಾತ್ರ ಅಂತ ಅಮ್ಮನಿಗೆ ಬೇರೆ ಫೋನ್ ಮಾಡಿದ್ದೆ."

"ನನ್ನ ತಮ್ಮನಾ?"

"ಹೂಂ. ಡ್ಯೂಕ್ ಹೊರಟು ಎಲ್ಲಿಗೆ ಹೋಗ್ತಾನೆ ಅಂತ ಧಾರಾವಾಹಿ ನೋಡೋ ಯಾರೋ ಅಜ್ಜಿ ಕಾಗದ ಬರೆದು ಕೇಳಿದ್ರಂತೆ. ಇವತ್ತಿನ ಕತೆ ಪೂರಾ ನಿಮ್ಮ ಮನೇಲೇ. ಅಗೋ!"

ಪರದೆಯ ಹಿಂದೆ ಒಂದು ಮನೆ ನಿಂತಿತ್ತು. ಸೋಫಾ, ಗೋಡೆಯ ಮೇಲೆ ಯಾರೋ ತಾಯಿಯ ಫೋಟೊ, ಬಾಗಿಲಿಗೆ ಹಲಗೆ: 'ಡ್ಯೂಕ್ ಮಾರ್ಶಲ್'. ಡ್ಯೂಕನಿಗೆ ಮನೆತನದ ಹೆಸರೂ ಬಂದಿತ್ತು. ಬಡಗಿಗಳು ಆಗಲೇ ಅದರ ಮೊಳೆ ಕೀಳುತ್ತಿದ್ದರು.

"ಸಾರ್! ಪೌಡರ್ ಇದೆ ಸಾರ್!" ಎಲ್‌ರಾಯ್ ಡಬ್ಬಿ ಎತ್ತಿ ಹಿಡಿದು ಓಡಿದ.

"ಖಾಲಿ ಅಂದ್ರಲ್ಲಣ್ಣಾ?" ಎಂದ ವೆಂಡೆಲ್. ಉತ್ತರಕ್ಕೆ ಕಾಯದೆ ಹೊರಟೇಹೋದ.

"ತಮ್ಮನೇ ಇಲ್ಲ ಅಂದ್ಮೇಲೆ ಮನೆ ಯಾಕಯ್ಯಾ?" ಗ್ರಿಫಿನ್ ಗಡಿಯಾರ ನೋಡಿಕೊಂಡ. "ಹಳೇದನ್ನೇ ಮಾಡೋಣ. ಹೋಗು, ಬಾಗಿಲು ತಟ್ಟು!"

ಎಲ್‌ರಾಯ್ ನಾಯಕನ ಬಾಗಿಲ ಮುಂದೆ ನಿಂತ. ಒಳಗೆ ನಾಯಿ ತನ್ನ ಮನೆಯಿಂದ ಬೊಗಳಿತು. ಎತ್ತಿದ ಕೈ ಅಲ್ಲೇ ನಿಂತಿತು, ಆಮೇಲೆ ಕೆಳಗಿಳಿಯಿತು.

"ತಟ್ಟೋ!"

"ತಟ್ಟಲ್ಲ."