ಕಾಕಾನ ದಾಡಿ ವ್ರತ

ಇಲ್ಲದ ಗಡ್ಡವನ್ನು ದಿನಾ ಬೋಳಿಸಿಕೊಳ್ಳುವ ಮನುಷ್ಯನನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ಒಂದು ವರ್ಷ ಪೂರ್ತಿ ನೋಡಿದ್ದೇನೆ. ಬ್ಯಾಡಗಿಯ ನಮ್ಮ ಕಾಕಾ! ಗಲ್ಲದ ಮೇಲೆ ನಾಲ್ಕು, ಗದ್ದದ ಮೇಲೆ ಎಂಟು ಕೂದಲು. ಅಷ್ಟಕ್ಕೇ ಮೂರು ಬ್ರಷ್ಷು, ಎರಡು ರೇಜರು, ದುಂಡನೆಯ ಸೋಪು, ಪಟಿಕದ ಹರಳು, ಒಂದು ಹಿತ್ತಾಳೆ ಬಟ್ಟಲು. ಮದುವೆಗಂಡಿಗೂ ಇಷ್ಟು ಸರಂಜಾಮು ಇರುವುದಿಲ್ಲ.

ಮನೆಮನೆಗೆ ಮೊಬೈಲು ಆಗಷ್ಟೇ ಬರುತ್ತಿದ್ದ ಕಾಲ. ನನಗೆ ರಾಣೆಬೆನ್ನೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಕಾಕಾನ ಮನೆಯಲ್ಲಿದ್ದುಕೊಂಡು ದಿನಾ ರೈಲಿಗೆ ಓಡಾಡುತ್ತಿದ್ದೆ. ಕಾಕಾ ಮೆಣಸಿನಕಾಯಿ ವ್ಯಾಪಾರಿ. ಅಲ್ಲಿಯವರೆಗೆ ಅವನು ರೇಜರು ಮುಟ್ಟಿದವನೇ ಅಲ್ಲ. ನಲವತ್ತು ವರ್ಷ ಅವನ ಮುಖ ಒಬ್ಬನೇ ಒಬ್ಬನ ಪಾಲಾಗಿತ್ತು: ಸ್ಟೇಷನ್ ರಸ್ತೆಯಲ್ಲಿ ಕಟಿಂಗ್ ಅಂಗಡಿ ಇಟ್ಟಿದ್ದ ಅವನ ದೋಸ್ತ. ಇಬ್ಬರೂ ಹಲಗೇರಿಯವರು, ಒಂದೇ ಬಾವಿಯಲ್ಲಿ ಈಜು ಕಲಿತವರು.

ಆ ದೋಸ್ತನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಅರ್ಧ ಊರಿನ ಗಂಡಸರನ್ನು ಚೆಂದ ಮಾಡಿದವನಿಗೆ ತನ್ನ ಗಡ್ಡವೇ ಎಟುಕದಾಯಿತು. ಇನ್ನೊಬ್ಬರಿಗೆ ಮುಟ್ಟಗೊಡಲೂ ಒಲ್ಲ! ಹಾವೇರಿಯಿಂದ ಅಳಿಯ ಬಂದು ಕತ್ತಿ ಹಿಡಿದರೆ ಗೋಡೆಗೆ ಮುಖ ಮಾಡಿ ಮಲಗಿದ. ಗಡ್ಡ ಬೆಳೆಯಿತು, ಮನುಷ್ಯ ಹೊಸ್ತಿಲು ದಾಟುವುದನ್ನೇ ಬಿಟ್ಟ. ಹೀಗೇ ಬಿಟ್ಟರೆ ಇವನು ಉಳಿಯುವುದಿಲ್ಲ ಎಂಬ ಹೆದರಿಕೆ ಕಾಕಾನಿಗೆ ಹೊಕ್ಕಿತು.

"ನಿನ್ನ ದಾಡಿ ನಾ ಮಾಡ್ತೇನಿ, ತಗೋ" ಅಂದ ಕಾಕಾ.

ಎಷ್ಟೋ ದಿನದ ಮೇಲೆ ದೋಸ್ತ ನಕ್ಕನಂತೆ. "ಮೆಣಸಿನಕಾಯಿ ತೊಟ್ಟ ಮುರಿಯಾಂವ ನೀ. ಮೊದಲ ನಿನ್ನ ಮುಖದ ಮ್ಯಾಲೆ ಕಲಿ. ಒಂದ್ ವರ್ಷ, ಒಂದ ದಿನಾನೂ ತಪ್ಪಸಬ್ಯಾಡ. ಆಮ್ಯಾಲೆ ನನ್ನ ಗದ್ದಾ ಕೊಡ್ತೇನಿ." ಹಾಗೆಂದು ತನ್ನ ಹಿತ್ತಾಳೆ ಬಟ್ಟಲನ್ನು ಕೈಗಿತ್ತ.

ವ್ರತ ಶುರುವಾಯಿತು. ಮೊದಲ ವಾರ ಕಾಕಾನ ಮುಖದ ತುಂಬ ಹತ್ತಿಯ ತುಣುಕು.

"ದಾಡಿ ಮಾಡ್ಕೊಂಡ್ರೇನ್ರಿ, ಇಲ್ಲಾ ಬೆಕ್ಕಿನ ಕೂಡ ಜಗಳಾಡಿದ್ರೋ?" ಎಂದಳು ಕಾಕಿ. ಸೋಮವಾರ ಬಂದಾಗ ಅವಳಿಗೆ ಸಿಟ್ಟೇ ಬಂತು. "ಈಶ್ವರನ ವಾರ ಯಾರರ ದಾಡಿ ಮಾಡ್ತಾರೇನ್ರಿ?"

"ಈಶ್ವರಗ ಕೇಳೇ ಕುಂತೇನಿ. ಜಡಿ ಬಿಟ್ಟಾಂವನ್ನ ದಾಡಿ ವಿಚಾರ ಯಾಕ ಕೇಳ್ತಿ ಅಂದ!"

ಮೆಣಸಿನಕಾಯಿ ಪ್ರಸಂಗವನ್ನಂತೂ ಹೇಳಲೇಬೇಕು. ಒಂದು ದಿನ ಬೆಳಿಗ್ಗೆಯೇ ಪೇಟೆಗೆ ಓಡಿದ ಕಾಕಾ ಮಧ್ಯಾಹ್ನ ಮನೆಗೆ ಬಂದವನೇ, ಕೈ ತೊಳೆಯದೆ, ವ್ರತ ತಪ್ಪೀತೆಂಬ ಆತುರದಲ್ಲಿ ಅಂಗೈಯಿಂದಲೇ ಮುಖಕ್ಕೆ ನೊರೆ ಬಳಿದುಕೊಂಡ. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ ಎಂದು ಗಿರಾಕಿಗಳಿಗೆ ಜೀವಮಾನವಿಡೀ ಸಾರಿದವನು ಹಿತ್ತಲ ತೊಟ್ಟಿಯಲ್ಲಿ ತಲೆ ಮುಳುಗಿಸಿ ನಿಂತ!

"ಬಣ್ಣ ಅಷ್ಟ ಅಂತಿದ್ರಿ?" ಕಾಕಿ ಟವೆಲ್ ಹಿಡಿದು ಕೇಳಿದಳು.

ಆದರೆ ಬರಬರುತ್ತ ಹತ್ತಿಯ ತುಣುಕುಗಳು ಕಡಿಮೆಯಾದವು. ಆ ಮುಂಜಾವುಗಳು ಈಗಲೂ ನನ್ನ ಕಣ್ಣಲ್ಲಿವೆ. ಹಿತ್ತಲ ನುಗ್ಗೆಗಿಡಕ್ಕೆ ನೇತುಹಾಕಿದ ಕನ್ನಡಿ, ಎಳೆಬಿಸಿಲು, ಪೇಟೆಯ ಕಡೆಯಿಂದ ಒಣಮೆಣಸಿನ ಘಾಟು, ದೂರದಲ್ಲೆಲ್ಲೋ ಗೂಡ್ಸ್ ಗಾಡಿಯ ಸದ್ದು. ಬಟ್ಟಲಲ್ಲಿ ಬ್ರಷ್ಷು ತಿರುಗುತ್ತಿತ್ತು, ನೊರೆ ಏಳುತ್ತಿತ್ತು, ಕಾಕಾ ಕಣ್ಣು ಮುಚ್ಚಿರುತ್ತಿದ್ದ. ಕೈ ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ಮನೆಗೆ ಇದ್ದದ್ದು ಅದೊಂದೇ ಕನ್ನಡಿ.

"ಕಾಕಾ, ನನ್ನ ರೈಲು!"

"ತಡಿಯವಾ, ಹಲಗೇರಿ ಬಾವ್ಯಾಗ ಅದೇನಿ. ಈಗ ಮ್ಯಾಲೆ ಬರ್ತೇನಿ."

ಏನು ಹೇಳಲಿ? ಬಾಚಣಿಗೆ ಕೈಯಲ್ಲಿ ಹಿಡಿದು ನಾನೂ ಅಲ್ಲೇ ನಿಂತುಬಿಡುತ್ತಿದ್ದೆ. ನಾನು ಕಂಡಿರದ ಆ ಬಾವಿಗೆ ಇಬ್ಬರು ಹುಡುಗರು ಧುಮುಕಿದ ಸದ್ದು ಕೇಳಿದಂತಾಗುತ್ತಿತ್ತು. ಹೀಗೆ ನನಗೆ ತಪ್ಪಿದ ರೈಲುಗಳಿಗೆ ಹೆಡ್ ಮಾಸ್ತರರ ಮುಂದೆ ಯಾವ ಕಾರಣ ಕೊಡಬೇಕಿತ್ತು ಹೇಳಿ!

ವರ್ಷ ತುಂಬಿದ ದಿನ ಕಾಕಾನ ಜೊತೆ ನಾನೂ ಹೋದೆ. ದೋಸ್ತ ಮುಚ್ಚಿದ್ದ ಅಂಗಡಿಯನ್ನು ತೆರೆಸಿ, ತನ್ನದೇ ಹಳೆಯ ಕುರ್ಚಿಯಲ್ಲಿ ಕುಳಿತಿದ್ದ. ಕಾಕಾ ಮೊದಲು ಕತ್ತರಿ ಆಡಿಸಿದ, ಆಮೇಲೆ ನೊರೆ ಹಚ್ಚಿದ. ರೇಜರು ಗಂಟಲ ಹತ್ತಿರ ಬಂದಾಗ ಅವನ ಕೈ ಅಲ್ಲೇ ನಿಂತುಬಿಟ್ಟಿತು.

ದೋಸ್ತ ಕಣ್ಣು ತೆರೆಯಲಿಲ್ಲ. ತೊದಲುತ್ತ ಅಂದ, "ನಲವತ್ತ ವರ್ಷ ನನ್ನ ಮುಂದ ಕುತ್ತಿಗಿ ಎತ್ತಿ ಕುಂತೀದಿ. ಒಮ್ಮ್ಯಾರ ಅಂಜಿದ್ದೇನ? ನಾನೂ ಅಂಜಂಗಿಲ್ಲ. ಎಳಿ."

ಕಾಕಾ ಎಳೆದ. ಎಲ್ಲ ಮುಗಿದು ಪಟಿಕ ಸವರಿದ ಮೇಲೆ, ನೊರೆಯ ಕೆಳಗಿಂದ ವರ್ಷದ ಹಿಂದಿನ ಮನುಷ್ಯ ಹೊರಗೆ ಬಂದಿದ್ದ. ನನ್ನ ಕಣ್ಣು ತುಂಬಿತು. ದೋಸ್ತ ಎಡಗೈಯಿಂದ ತನ್ನ ಮುಖವನ್ನು ಮೆಲ್ಲಗೆ, ಬಹಳ ಹೊತ್ತು ತಡವಿಕೊಂಡ.

"ಇಲ್ಲೆ ಎರಡ ಕೂದಲಾ ಬಿಟ್ಟೀದಿ. ನಪಾಸು! ನಾಳೆ ಮತ್ತ ಬಾ."

ನಾನು ಬಗ್ಗಿ ನೋಡಿದೆ. ಒಂದು ಕೂದಲೂ ಉಳಿದಿರಲಿಲ್ಲ. ಕಾಕಾನಿಗೂ ಅದು ಗೊತ್ತಿತ್ತು. ಬಟ್ಟಲು ತೊಳೆಯುತ್ತ, "ಬರ್ತೇನಿ ತಗೋ" ಅಂದ.