ಬಾಗಿಲ ಸಂದಿಯ ಇರುವೆ

ಕತೆಗಾರನ ಮನೆಯ ಮುಂಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಎಷ್ಟು ದೂಡಿದರೂ ಒಂದು ಗೇಣು ತೆರೆದೇ ಇರುತ್ತಿತ್ತು. ಬಡಗಿಯನ್ನು ಕರೆಸಿ ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು. ಇವನೋ, ನಾಳೆ ನಾಳೆ ಎಂದು ದಿನ ತಳ್ಳುತ್ತಿದ್ದ. ಆ ಸಂದಿಯಿಂದ ಗಾಳಿಗಿಂತ ಹೆಚ್ಚಾಗಿ ನೆರೆಹೊರೆಯವರೇ ಒಳಗೆ ಬರುತ್ತಿದ್ದರು.

ಪತ್ರಿಕೆಯೊಂದರ ಮಕ್ಕಳ ಪುಟಕ್ಕೆ ವಾರಕ್ಕೊಂದು ಕತೆ ಬರೆಯುವುದು ಅವನ ಕೆಲಸ. ಬರೆದು ಕಳಿಸಿದ್ದನ್ನು ತಿರುಗಿ ನೋಡುವ ಜಾಯಮಾನ ಅವನದಲ್ಲ. ಈಗ ಕೆಲವು ವಾರಗಳಿಂದ ತಲೆ ಖಾಲಿ. "ಇವತ್ತು ಸಂಜೆಯೊಳಗೆ ಹೊಸ ಕತೆ ಬರದಿದ್ರೆ ಆ ಜಾಗಕ್ಕೆ ಪದಬಂಧ ಹಾಕ್ತೀನಿ" ಎಂದು ಸಂಪಾದಕರು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಶಾಲೆಗೆ ರಜೆಯಿದ್ದ ಆರು ವರ್ಷದ ಮಗಳು ಚೋಟಿ, ಮೇಜಿನ ಕೆಳಗೆ ಕೂತು ಅವನ ಚಪ್ಪಲಿಗಳಿಗೆ ಕರವಸ್ತ್ರ ಹೊದಿಸಿ ಮಲಗಿಸುತ್ತಿದ್ದಳು.

ಸಂದಿಯಿಂದ ಮೊದಲು ಬಂದವರು ಕೆಳಗಿನ ಮನೆಯ ನಿವೃತ್ತ ಸ್ಟೇಷನ್ ಮಾಸ್ತರರು.

"ಕತೆ ಬರ್ತಿಲ್ವಾ ಕತೆಗಾರರೇ? ಮಕ್ಕಳನ್ನ ನೋಡ್ತಾ ಕೂತ್ಕೊಳ್ಳಿ, ತಾನಾಗೇ ಬರತ್ತೆ. ಆದ್ರೆ ಒಂದು ಮಗು ಸಾಲಲ್ಲ. ನಮ್ಮ ಮೊಮ್ಮಕ್ಕಳನ್ನೂ ಕಳಿಸ್ತೀನಿ."

ಬೇಡ ಎನ್ನುವಷ್ಟರಲ್ಲಿ ಇಬ್ಬರು ಬಂದೇಬಿಟ್ಟರು. ಸುದ್ದಿ ತಿಳಿದ ಎದುರುಮನೆಯ ಟೈಲರಮ್ಮ ತನ್ನ ಅವಳಿ ಗಂಡುಮಕ್ಕಳನ್ನೂ ಒಳಗೆ ದಬ್ಬಿದಳು. "ಇವ್ರು ದಿನಾ ಹತ್ತು ಕತೆ ಕಟ್ತಾರೆ ಅಣ್ಣಾ, ಬೇಕಾದ್ದು ಆರಿಸ್ಕೊಳ್ಳಿ" ಎಂದು ಹೇಳಿ ಹೊಲಿಯಲು ಹೋದಳು.

ಇವನು ಪೆನ್ನು ಹಿಡಿದು ಪರದೆಯ ಹಿಂದೆ ಅಡಗಿ ನಿಂತ. ಮಕ್ಕಳು ಕತೆ ಕಟ್ಟಲಿಲ್ಲ. ಪರದೆಯನ್ನೇ ಕಿತ್ತು ಡೇರೆ ಕಟ್ಟಿದವು. ಹೆಂಡತಿಯ ಪೌಡರ್ ಡಬ್ಬಿ ಮಗುಚಿ ನೆಲಕ್ಕೆ ಸುಣ್ಣ ಹೊಡೆದಂತಾಯಿತು. ಬಿಳಿ ಹಾಳೆಗಳೆಲ್ಲ ರಾಕೆಟ್ಟಾಗಿ ಕಿಟಕಿಯಿಂದ ಹಾರಿಹೋದವು. "ಏನಾದ್ರೂ ಮಾತಾಡ್ರಪ್ಪಾ, ಬರ್ಕೋಬೇಕು" ಎಂದು ಅಂಗಲಾಚಿದರೆ ಅವಳಿಗಳಲ್ಲೊಬ್ಬ "ಹಸಿವಾಗ್ತಿದೆ" ಎಂದ. ಇನ್ನೊಬ್ಬನೂ ಅದನ್ನೇ ಹೇಳಿದ.

ಎಲ್ಲರಿಗೂ ಊಟ ಹಾಕಿ, ಅವರವರ ಮನೆಗೆ ಅಟ್ಟಿ, ಇವನು ನೆಲದ ಮೇಲೇ ಉರುಳಿಕೊಂಡ. ಚೋಟಿ ಪಕ್ಕಕ್ಕೆ ಬಂದು ಅವನ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ. ಆದ್ರೂ ಕತೆ ಹೇಳ್ತೀನಿ, ಕಣ್ಮುಚ್ಕೋ ಅಪ್ಪಾ. ಒಂದೂರಲ್ಲಿ ಒಂದು ಬಾಗಿಲಿತ್ತಂತೆ. ಅದು ಮುಚ್ಕೊಳ್ತಾನೇ ಇರ್ಲಿಲ್ವಂತೆ. ಎಲ್ರೂ ಬೈತಿದ್ರಂತೆ. ಆದ್ರೆ ಅದ್ರ ಸಂದೀಲಿ ಒಂದು ಪುಟಾಣಿ ಇರುವೆ ಮಲ್ಕೊಂಡಿತ್ತಂತೆ. ಮುಚ್ಕೊಂಡ್ರೆ ಇರುವೆಗೆ ನೋವಾಗತ್ತಲ್ಲಾ, ಅದಕ್ಕೇ ಬಾಗಿಲು ಬೈಸ್ಕೊಂಡು ಸುಮ್ನಿತ್ತಂತೆ."

ಇವನು ಧಡಕ್ಕನೆ ಎದ್ದು ಕೂತ. ಹಾಳೆ ಉಳಿದಿರಲಿಲ್ಲ, ಒಂದೇ ಉಸಿರಿಗೆ ಫೋನಿನಲ್ಲೇ ಕತೆ ಬರೆದು ಕಳಿಸಿದ. ಆಮೇಲೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಕುಣಿದ.

ಸಂಜೆ ಸಂಪಾದಕರ ಫೋನು ಬಂತು.

"ಕತೆ ತುಂಬಾ ಚೆನ್ನಾಗಿದೆ. ಹೋದ ವರ್ಷ ನೀವೇ ಕಳಿಸಿದಾಗ್ಲೂ ಚೆನ್ನಾಗಿತ್ತು. ಪದಬಂಧ ಅಚ್ಚಿಗೆ ಹೋಯ್ತು, ಇನ್ಮೇಲೆ ಅದೇ ಬರತ್ತೆ."

ಇವನು ಫೋನಿಟ್ಟು ಮಗಳ ಕಡೆ ನೋಡಿದ. "ಈ ಕತೆ ನಿಂಗ್ಯಾರು ಹೇಳಿದ್ದು?"

"ನೀನೇ. ನಂಗೆ ಜ್ವರ ಬಂದಿತ್ತಲ್ಲಾ, ಆವಾಗ. ಬಾಗಿಲು ಯಾಕೆ ಮುಚ್ಕೊಳ್ಳಲ್ಲ ಅಂತ ಕೇಳಿದ್ನಲ್ಲಾ. ನಿಂಗೆ ಮರ್ತೋಯ್ತಾ? ನಂಗೆ ಮರ್ತಿಲ್ಲ."

ಕೆಲಸ ಹೋದದ್ದಕ್ಕೆ ಬರಬೇಕಾಗಿದ್ದ ಅಳು ಅವನಿಗೆ ಈ ಮಾತಿಗೆ ಬಂತು. ಮಗಳನ್ನು ಬರಸೆಳೆದು ಅಪ್ಪಿಕೊಂಡ.

ಅಷ್ಟರಲ್ಲಿ ಮಾಸ್ತರರು ಬಡಗಿಯನ್ನು ಕರೆದುಕೊಂಡು ಬಂದರು. "ನಿಮ್ಮನೆಯವ್ರು ಹೇಳಿದ್ರು. ಹತ್ತು ನಿಮಿಷದ ಕೆಲಸವಂತೆ."

ಚೋಟಿ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತು ಅಪ್ಪನ ಮುಖ ನೋಡಿದಳು.

"ಬೇಡ ಮಾಸ್ತರೇ" ಎಂದು ಅವನು ಮೂಗೊರೆಸಿಕೊಂಡ. "ಸಂದೀಲಿ ಇರುವೆ ಮಲಗಿದೆ."

ಬಡಗಿ ಇಬ್ಬರ ಮುಖವನ್ನೂ ನೋಡಿ ಹೊರಟುಹೋದ. ಮಾಸ್ತರರು ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತರು.

"ಒಳ್ಳೇದೇ ಆಯ್ತು ಬಿಡಿ. ನಾಳೆ ಬೆಳಿಗ್ಗೆ ಇನ್ನೂ ನಾಲ್ಕು ಮಕ್ಕಳನ್ನ ಕರ್ಕೊಂಡು ಬರ್ತೀನಿ."